ಟಕ್ ಅಂದ ಮೇಲೆ ಗೆರೆ

ಮಾರ್ಚ್ ೩, ಸೋಮವಾರ

ಅತ್ತೆಯ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದೆವು. ಮಣಿಕಟ್ಟು ಎರಡು ಕಡೆ ಮುರಿದಿದೆ. ಆರು ವಾರ ಒಂದು ಲೋಟವನ್ನೂ ಎತ್ತಬಾರದು ಎಂದರು ಡಾಕ್ಟರು. ಆಮೇಲೆ ಕೈಯ ಹಿಡಿತ ಎಷ್ಟು ವಾಪಸು ಬರುತ್ತದೆ ಎಂದು ಕೇಳಿದರೆ, "ನೋಡೋಣ" ಎಂದರು. ಆ "ನೋಡೋಣ" ನನಗೆ ಹಿಡಿಸಲಿಲ್ಲ.

"ಮೂವತ್ತು ವರ್ಷ ಕಾರಿನ ಅಡೀಲಿ ಮಲಗಿ ಎದ್ದಿದೀನಿ, ಒಂದು ಗೀರು ಆಗ್ಲಿಲ್ಲ. ಹೋಗಿ ಹೋಗಿ ಬಚ್ಚಲುಮನೇಲಿ ಬೀಳ್ಬೇಕಾ?" ಅತ್ತೆಗೆ ನೋವಿಗಿಂತ ಅವಮಾನ ಹೆಚ್ಚು. ಯಾರಾದರೂ ಕೇಳಿದರೆ ಜಾಕ್ ಜಾರಿತು ಅಂತ ಹೇಳಬೇಕಂತೆ. ಇವರು, "ಅಮ್ಮಾ, ಜಾಕ್ ಜಾರ್ತು ಅಂದ್ರೆ ಗ್ಯಾರೇಜಿನ ಮರ್ಯಾದೆ ಹೋಗುತ್ತೆ" ಅಂದರು. ಅತ್ತೆ ಒಂದು ನಿಮಿಷ ಯೋಚಿಸಿ, "ಹಾಗಾದ್ರೆ ಬಚ್ಚಲೇ ಇರ್ಲಿ ಬಿಡು" ಎಂದರು.

ರಾತ್ರಿ ಊಟಕ್ಕೆ ಕೂತಾಗ ತೀರ್ಮಾನವನ್ನೂ ಹೇಳಿದರು. ಆರು ವಾರ ಕೆಲಸವೆಲ್ಲ ನನ್ನ ಕೈಯಲ್ಲಿ, ಕಣ್ಣು ಅವರದು. ಪ್ಲಾಸ್ಟರ್ ತೆಗೆದ ಮೇಲೂ ಕೈ ಬರದಿದ್ದರೆ ಶೆಡ್ಡನ್ನು ಪಕ್ಕದ ಟೈರ್ ಅಂಗಡಿಯವರಿಗೆ ಕೊಟ್ಟುಬಿಡುವುದು. ಅವರು ಎರಡು ವರ್ಷದಿಂದ ಕೇಳುತ್ತಿದ್ದಾರೆ, ಟೈರು ತುಂಬಿಡಲು.

ಅದು ಅತ್ತೆಯ ಗ್ಯಾರೇಜು. ಮಾವ ಹೋದ ಮೇಲೆ ಒಬ್ಬರೇ ನಡೆಸಿದ್ದು. ನಾನು ವಿಮಾ ಕಚೇರಿಯ ಕೆಲಸ ಹೋದ ಮೇಲೆ ಮುಂದಿನ ಮೇಜಿನಲ್ಲಿ ಕೂತು ಫೋನು, ಬಿಡಿಭಾಗ, ಚೀಟಿ ನೋಡಿಕೊಂಡವಳು. ಮೂರು ವರ್ಷದಿಂದ ಆಯಿಲ್ ಬದಲಾಯಿಸುವುದು, ಬ್ರೇಕು, ಬ್ಯಾಟರಿ ಇಷ್ಟು ಕಲಿತಿದ್ದೇನೆ. ಬೇಕು ಅನ್ನುವುದಕ್ಕಾಗಲಿ ಬೇಡ ಅನ್ನುವುದಕ್ಕಾಗಲಿ ನಾನು ಯಾರು?

ಈ ಪುಸ್ತಕ ಅದಕ್ಕೇ ಶುರು ಮಾಡಿದ್ದು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ಆ ಭಾಷೆಯಲ್ಲಿ ದಿನಚರಿ ಬರೆದರೆ ನನಗೆ ನಾನೇ ಅರ್ಜಿ ಹಾಕಿಕೊಂಡ ಹಾಗಿರುತ್ತದೆ.

ಮಾರ್ಚ್ ೫, ಬುಧವಾರ

ಅತ್ತೆ ಶೆಡ್ಡಿನ ನಡುವೆ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಎಡಗೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್. ಅದರಿಂದಲೇ ತೋರಿಸುವುದು, ಅದರಿಂದಲೇ ನೆಲ ಕುಟ್ಟುವುದು.

"ಆ ಸ್ಪ್ಯಾನರ್ ಹಿಡಿದಿರೋದು ನೋಡು, ಹೂವಿನ ಬುಟ್ಟಿ ಹಿಡ್ಕೊಂಡ ಹಾಗೆ."

"ಕೈ ಜಾರುತ್ತೆ ಅತ್ತೆ."

"ಜಾರೋದು ಕೈಯಲ್ಲ, ಮನಸ್ಸು. ಎಳಿ ನಿನ್ನ ಕಡೆಗೆ. ದೂಡಬೇಡ. ದೂಡಿದ್ರೆ ಗೆಣ್ಣು ಹೋಗುತ್ತೆ."

ದೂಡಿದೆ. ಗೆಣ್ಣು ತರಚಿತು. ಅವರು ಛಾವಣಿ ನೋಡಿದರು.

ಕೆಲಸ ಮುಗಿಸಿ ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಉಗುರಿನ ಕಪ್ಪು ಹೋಗಲಿಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಇವರ ಕೈ ನೋಡಿದರೆ ಸೀಮೆಸುಣ್ಣದ ಹಾಗೆ ಬೆಳ್ಳಗಿದೆ. ಬದಲಾಯಿಸಿಕೊಳ್ಳೋಣವಾ ಎಂದು ಕೇಳಿದೆ. ನಕ್ಕರು.

ಮಾರ್ಚ್ ೧೦, ಸೋಮವಾರ

ಈ ಗ್ಯಾರೇಜಿನ ಒಂದು ಪದ್ಧತಿ ಬರೆದಿಡುತ್ತೇನೆ. ಯಾವ ಮುಖ್ಯ ಬೋಲ್ಟನ್ನೂ ಅಂದಾಜಿನಲ್ಲಿ ಬಿಗಿ ಮಾಡುವ ಹಾಗಿಲ್ಲ. ಅದಕ್ಕೊಂದು ಉದ್ದ ಹಿಡಿಯ ರೆಂಚ್ ಇದೆ. ಎಷ್ಟು ಬಿಗಿ ಬೇಕೋ ಆ ಸಂಖ್ಯೆಗೆ ತಿರುಗಿಸಿಟ್ಟು ಎಳೆದರೆ, ಅಷ್ಟಾದ ತಕ್ಷಣ "ಟಕ್" ಅನ್ನುತ್ತದೆ. ಟಕ್ ಅಂದ ಮೇಲೆ ಸಣ್ಣ ಕುಂಚದಿಂದ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಸೇರುವಂತೆ ಒಂದು ಹಳದಿ ಗೆರೆ. ಬೋಲ್ಟು ಮುಂದೆಂದಾದರೂ ಸಡಿಲಾದರೆ ಗೆರೆ ಎರಡು ತುಂಡಾಗಿ ಕಾಣುತ್ತದೆ.

"ಗೆರೆ ಅಂದ್ರೆ ಸಹಿ" ಎನ್ನುತ್ತಾರೆ ಅತ್ತೆ. "ನಾನು ನೋಡಿದೀನಿ, ನಾನು ಜವಾಬ್ದಾರಿ ಅಂತ."

ಇವತ್ತು ಮೊದಲ ಸಲ ಕುಂಚವನ್ನು ನನ್ನ ಕೈಗೆ ಕೊಟ್ಟರು. ಗೆರೆ ಸ್ವಲ್ಪ ಸೊಟ್ಟಗಾಯಿತು. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಕಣ್ಣ ಮುಂದೆ.

ಮಾರ್ಚ್ ೧೪, ಶುಕ್ರವಾರ

ಸ್ಟಿಯರಿಂಗ್ ತಿರುಗಿಸಿದಾಗ ಕಟಕಟ ಎನ್ನುವ ಕಾರು ಬಂತು. ಯಜಮಾನರು ಬ್ಯಾಂಕಿನವರು. ಬೇರೆ ಕಡೆ ಹತ್ತು ಬಿಡಿಭಾಗಗಳ ಪಟ್ಟಿ ಕೊಟ್ಟಿದ್ದಾರಂತೆ. ಅವರು ನಿಧಾನಕ್ಕೆ ವೃತ್ತ ಹೊಡೆಯುತ್ತಿದ್ದರೆ ನಾನು ಪಕ್ಕದಲ್ಲಿ ಬಗ್ಗಿ ಓಡಿದೆ, ಕಿವಿ ಚಕ್ರದ ಕಡೆಗೆ. ರಸ್ತೆಯವರೆಲ್ಲ ನೋಡಿದರು. ಬಲಕ್ಕೆ ತಿರುಗಿದಾಗ ಮಾತ್ರ, ಎಡಚಕ್ರದಲ್ಲಿ ಮಾತ್ರ. ಚಕ್ರಕ್ಕೆ ಹೋಗುವ ಕಂಬಿಯ ಹೊರಗಿನ ಕೀಲು ಸವೆದಿತ್ತು. ರಬ್ಬರ್ ಕವಚ ಹರಿದು ಗ್ರೀಸೆಲ್ಲ ಸುರಿದುಹೋಗಿತ್ತು. ಹತ್ತು ಭಾಗ ಬೇಡ, ಒಂದು ಸಾಕು.

"ಅಷ್ಟು ಖಂಡಿತವಾಗಿ ಹೇಗೆ ಹೇಳ್ತೀರಿ?" ಎಂದರು ಬ್ಯಾಂಕಿನವರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಿಂದ, "ಕಿವಿ ಇದೆಯಲ್ಲ ಸ್ವಾಮಿ, ಓಲೆ ಹಾಕೋಕಷ್ಟೇ ಅಲ್ಲ" ಎಂದರು.

ಹೊಗಳಿದ್ದಾ? ನನಗಂತೂ ಹಾಗೇ ಕೇಳಿಸಿತು.

ಮಾರ್ಚ್ ೧೯, ಬುಧವಾರ

ಒಳ್ಳೆಯ ದಿನ. ನರ್ಸಮ್ಮನ ಕಾರಿಗೆ ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ಬದಲಾಯಿಸಿದೆ. ಅವರು ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವವರು. ಹಳೆಯ ಕಾರು, ದಿನವಿಡೀ ಏರು ಇಳಿಜಾರಿನ ರಸ್ತೆಗಳಲ್ಲಿ ಓಡಾಟ. ಬ್ರೇಕು ಹಿಡಿದಾಗ ಚೀರುತ್ತಿತ್ತು.

ಅತ್ತೆ ಮಧ್ಯಾಹ್ನ ಡಾಕ್ಟರ ಬಳಿ ಹೋಗಿದ್ದರು. ಶೆಡ್ಡಿನಲ್ಲಿ ನಾನೊಬ್ಬಳೇ. ಸ್ಕ್ರೂಡ್ರೈವರ್ ಕುಟ್ಟುವವರಿಲ್ಲದೆ ಕೈ ಸಲೀಸಾಗಿ ಹೋಯಿತು. ಹೊಸ ಉಪಾಯವೊಂದನ್ನೂ ಕಂಡುಕೊಂಡೆ. ಒಂದೊಂದು ಬೋಲ್ಟಿಗೂ ಕುಂಚ ಅದ್ದಿ, ಒರೆಸಿ, ಮತ್ತೆ ಅದ್ದುವುದರಲ್ಲಿ ಹೊತ್ತು ಹೋಗುತ್ತದೆ, ಗೆರೆಗಳೂ ಒಂದೊಂದು ಒಂದೊಂದು ದಪ್ಪ. ಚಕ್ರಕ್ಕೆ ಎರಡರಂತೆ ಕೈಯಲ್ಲಿ ಕೂರಿಸಿಟ್ಟ ನಾಲ್ಕು ಬೋಲ್ಟಿಗೂ ಒಮ್ಮೆಗೇ ಗೆರೆ ಎಳೆದು ಆಮೇಲೆ ರೆಂಚ್ ಹಿಡಿದೆ. ಬಿಗಿಯಾದಾಗ ಗೆರೆ ಕೊಂಚ ಸರಿದರೆ ತಿದ್ದಿದರಾಯಿತು. ಎಷ್ಟು ಅಚ್ಚುಕಟ್ಟಾಗಿ ಬಂದವು!

ನಡುವೆ ಒಂದು ಫೋನು. ಯಾರೋ ಗಾಬರಿಯಾಗಿ, ರಸ್ತೆ ಮಧ್ಯೆ ಇಂಜಿನ್ನಿನಿಂದ ಹಬೆ ಬರುತ್ತಿದೆ ಎಂದರು. ಇಂಜಿನ್ ನಿಲ್ಲಿಸಿ, ಬಾನೆಟ್ ತೆರೆದಿಡಿ, ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ, ಅರ್ಧ ಗಂಟೆ ಬಿಟ್ಟು ದಪ್ಪ ಬಟ್ಟೆ ಹಾಕಿ ನಿಧಾನ ತೆಗೆಯಿರಿ ಎಂದು ಒಂದೊಂದಾಗಿ ಹೇಳಿದೆ. ಆ ಕಡೆಯ ದನಿ ಇಳಿಯುವವರೆಗೂ ಮಾತಾಡಿದೆ. ಕೊನೆಗೆ, "ಮೇಡಂ, ನೀವು ಡಾಕ್ಟರಾ?" ಎಂದು ಕೇಳಿದರು. ನಗು ಬಂತು.

ಫೋನಿಟ್ಟು ಬಂದು ನೋಡಿದರೆ ನಾಲ್ಕು ಗೆರೆಯೂ ಹೊಳೆಯುತ್ತಿದ್ದವು. ಚಕ್ರ ಹಾಕಿ ಕಾರು ಕೊಟ್ಟು ಕಳಿಸಿದೆ. ನರ್ಸಮ್ಮ ಒಂದು ಸುತ್ತು ಹೋಗಿ ಬಂದು, "ಬೆಣ್ಣೆ ಹಾಗಿದೆ" ಎಂದರು.

ಮಾರ್ಚ್ ೨೦, ಗುರುವಾರ

ಬರೆಯಲೇಬೇಕು.

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದೆ. ನಿನ್ನೆಯ ಕೆಲಸವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಅನುಭವಿಸುತ್ತಿದ್ದೆ. ಎಡಚಕ್ರ, ಮೇಲಿನ ಬೋಲ್ಟು, ಟಕ್. ಕೆಳಗಿನದು, ಟಕ್. ಬಲಚಕ್ರ, ಮೇಲಿನದು, ಟಕ್. ಆಮೇಲೆ ಫೋನು.

ನಾಲ್ಕನೆಯ ಟಕ್ ಇಲ್ಲ.

ಗೆರೆ ಇದ್ದುದರಿಂದ ಆಗಿದೆ ಅಂದುಕೊಂಡೆ. ಗೆರೆ ಎಳೆದವಳು ನಾನೇ. ಮೊದಲೇ.

ಅತ್ತೆಗೆ ಹೇಳಿದೆ. ಅವರು ಬೈಯಲಿಲ್ಲ. "ವ್ಯಾನ್ ಕೀಲಿ ತಗೋ. ಜಾಕ್ ಹಾಕ್ಕೋ" ಎಂದರು ಅಷ್ಟೆ. ನರ್ಸಮ್ಮ ಫೋನು ಎತ್ತಲಿಲ್ಲ. ಆರೋಗ್ಯ ಕೇಂದ್ರದ ಗುಮಾಸ್ತೆ ಯಾವ ಬೀದಿಗೆ ಹೋಗಿದ್ದಾರೆ ಎಂದು ಹೇಳಿದಳು. ಅತ್ತೆಯೂ ವ್ಯಾನ್ ಹತ್ತಿದರು. ಹನ್ನೆರಡು ನಿಮಿಷದ ದಾರಿ. ಎದುರಿಗೆ ಬಂದ ಪ್ರತಿ ಕಾರನ್ನೂ ನೋಡಿದೆ.

ಏರು ಬೀದಿಯ ತುದಿಯಲ್ಲಿ, ನೀಲಿ ಬಾಗಿಲಿನ ಮನೆ ಮುಂದೆ ಕಾರು ನಿಂತಿತ್ತು. ನರ್ಸಮ್ಮ ಒಳಗೆ. ಅಲ್ಲೇ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಬಲಚಕ್ರ ಬಿಚ್ಚಿದೆ. ಕೆಳಗಿನ ಬೋಲ್ಟು. ಹಳದಿ ಗೆರೆ ಎರಡು ತುಂಡು. ರೆಂಚೇ ಬೇಕಾಗಲಿಲ್ಲ, ಬೆರಳಲ್ಲೇ ತಿರುಗಿತು.

ಬಿಗಿ ಮಾಡಿದೆ. ಎಡಚಕ್ರವನ್ನೂ ಬಿಚ್ಚಿ ಉಳಿದ ಮೂರನ್ನೂ ನೋಡಿದೆ, ಸರಿಯಿದ್ದವು. ಚಕ್ರ ಹಾಕಿದೆ. ಬೀದಿ ಖಾಲಿಯಿತ್ತು. ಯಾರೂ ನೋಡಿರಲಿಲ್ಲ. ಹೊರಟುಬಿಡಬಹುದಿತ್ತು. ಆ ಯೋಚನೆ ಬಂತು, ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಅತ್ತೆಯ ಮುಖ ನೋಡಿದೆ. "ನನ್ನನ್ನೇನು ನೋಡ್ತೀಯ? ಗೆರೆ ನಿಂದು" ಎಂದರು.

ಮುಕ್ಕಾಲು ಗಂಟೆ ಕಾದೆವು. ನರ್ಸಮ್ಮ ಚೀಲ ಹಿಡಿದು ಹೊರಗೆ ಬಂದವರು ನಮ್ಮನ್ನು ನೋಡಿ ನಕ್ಕರು. ಹೇಳಿದೆ. ಎಲ್ಲ ಹೇಳಿದೆ, ಮೊದಲೇ ಗೆರೆ ಎಳೆದದ್ದನ್ನೂ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಿನ್ನೆ ಸಂಜೆ ಇದೇ ಕಾರಲ್ಲಿ ತುಂಬು ಬಸುರೀನ ಆಸ್ಪತ್ರೆಗೆ ಕರ್ಕೊಂಡ್ ಹೋದೆ. ಈ ಇಳಿಜಾರಲ್ಲೇ."

ಅವರು ಆ ಚಕ್ರದ ಕಡೆ ನೋಡಿದರು.

"ಈಗ ಸರಿ ಇದೆಯಾ?"

"ಇದೆ."

"ನಿಮ್ಮ ಮಾತು ಹೇಗಮ್ಮ ನಂಬ್ಲಿ?"

ಕೀಲಿ ಹಿಡಿದು ಎದ್ದರು. ಇನ್ನು ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದರು. ನ್ಯಾಯ.

ಮಾರ್ಚ್ ೨೨, ಶನಿವಾರ

ಏನೂ ಬರೆಯಲು ತೋಚುತ್ತಿಲ್ಲ.

ಮಾರ್ಚ್ ೨೫, ಮಂಗಳವಾರ

ಬ್ಯಾಂಕಿನವರು ಆಯಿಲ್ ಬದಲಾಯಿಸಲು ನಾಳೆ ತರಬೇಕಿದ್ದ ಕಾರನ್ನು "ಇನ್ನೊಮ್ಮೆ ನೋಡೋಣ" ಎಂದರು. ತಿಂಗಳಿಗೊಮ್ಮೆ ಬರುವ ಟ್ಯಾಕ್ಸಿಯವರೂ ಅಷ್ಟೇ. ಸುದ್ದಿ ತಿರುಗಿದೆ.

ಟೈರ್ ಅಂಗಡಿಯವರು ಬಂದರು. ಕೆಟ್ಟವರಲ್ಲ, ದನಿಯಲ್ಲಿ ಸಕ್ಕರೆ ಜಾಸ್ತಿ.

"ಅಮ್ಮಾ, ಯಾರಿಗೂ ಗೊತ್ತಾಗದ ತಪ್ಪನ್ನ ನಿಮ್ಮ ಸೊಸೆ ಹುಡುಕ್ಕೊಂಡು ಹೋಗಿ ಹೇಳಿದ್ರಂತೆ. ವ್ಯಾಪಾರ ಹೀಗ್ ಮಾಡ್ತಾರಾ?"

"ಅವಳಿಗೆ ವ್ಯಾಪಾರ ಬರಲ್ಲ" ಎಂದರು ಅತ್ತೆ. "ಪ್ಲಾಸ್ಟರ್ ತೆಗೆದ ದಿನ ಬನ್ನಿ, ಹೇಳ್ತೀನಿ."

ಅವರು ಹೋದ ಮೇಲೆ ಅತ್ತೆ ಮೂಲೆಯಲ್ಲಿದ್ದ ಕೆಟ್ಟ ಇಂಜಿನ್ನನ್ನು ಸ್ಕ್ರೂಡ್ರೈವರಿನಿಂದ ತೋರಿಸಿದರು. ಹತ್ತು ಬೋಲ್ಟು. ಬಿಚ್ಚು, ಬಿಗಿ ಮಾಡು, ಗೆರೆ ಎಳಿ, ಅಳಿಸು, ಮತ್ತೆ ಬಿಚ್ಚು. ಸಂಜೆಯವರೆಗೆ ಏಳು ಸಲ ಮಾಡಿದೆ. ಒಂದು ಬೋಲ್ಟು, ಒಂದು ಟಕ್, ಒಂದು ಗೆರೆ. ಫೋನನ್ನು ಬಿಸ್ಕತ್ತಿನ ಡಬ್ಬಿಯೊಳಗೆ ಹಾಕಿ ಮುಚ್ಚಿಟ್ಟಿದ್ದೆ. ಅದು ಒಳಗೇ ಗುನುಗುತ್ತಿತ್ತು.

ಕೇಳಿಯೇಬಿಟ್ಟೆ. "ಯಾಕೆ ಬೈಯ್ಲಿಲ್ಲ ಅತ್ತೆ?"

"ಬೈದ್ರೆ ನಿನಗೆ ಹಗುರಾಗುತ್ತೆ. ಅದಕ್ಕೆ."

ಏಪ್ರಿಲ್ ೨, ಬುಧವಾರ

ಕೆಲಸ ಕಡಿಮೆ. ಬಂದ ಒಂದು ಕಾರಿನ ಕೆಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಲಗಿದ್ದೆ. ಕೆಳಗಿನಿಂದ ನೋಡಿದರೆ ಯಾರು ಹೇಗೆ ಕೆಲಸ ಮಾಡಿದ್ದಾರೆ ಎಂದು ಓದಬಹುದು. ಯಾರೋ ಪೈಪಿಗೆ ಕ್ಲಿಪ್ಪಿನ ಬದಲು ತಂತಿ ಸುತ್ತಿದ್ದರು. ಸಿಟ್ಟು ಬಂತು. ಯಾರೂ ಕೇಳದಿದ್ದರೂ ತೆಗೆದು ಹೊಸ ಕ್ಲಿಪ್ ಹಾಕಿದೆ.

ಇವರು ಊಟದ ಹೊತ್ತಿಗೆ ನನ್ನ ಉಗುರು ನೋಡಿ, "ತೊಳೀಲಿಲ್ವಾ?" ಎಂದರು. ತೊಳೆದಿದ್ದೆನಲ್ಲ.

ಏಪ್ರಿಲ್ ೭, ಸೋಮವಾರ

ನರ್ಸಮ್ಮ ಬಂದರು.

ನಾನು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದೆ. ಸದ್ದಿನಿಂದಲೇ ಅವರ ಕಾರು ಎಂದು ತಿಳಿಯಿತು, ಸರಿಯಿಲ್ಲ ಎಂದೂ ತಿಳಿಯಿತು. ಹಿಂದಿನಿಂದ ಬಿಳಿ ಹೊಗೆ, ಸಿಹಿ ವಾಸನೆ. ಇಳಿದವರು ನಮಸ್ಕಾರ ಹೇಳದೆ ಮಾತಿಗೇ ಶುರುಮಾಡಿದರು.

"ಮೂರು ಸಲ ಆ ಇನ್ನೊಂದು ಗ್ಯಾರೇಜಿಗೆ ಹೋದೆ. ಮೂರು ಸಲಾನೂ ‘ಏನೂ ಇಲ್ಲಮ್ಮ, ಹಳೇ ಗಾಡಿ ಅಲ್ವಾ’ ಅಂತ ಬೆನ್ನು ತಟ್ಟಿ ಕಳಿಸಿದ್ರು. ನಂಗೆ ಆ ‘ಏನೂ ಇಲ್ಲ’ ಕೇಳಿದ್ರೇ ಹೆದರಿಕೆ ಆಗ್ತಿದೆ. ನೀವು ತಪ್ಪಿದ್ರೆ ಇದೆ ಅಂತ ಹೇಳಿದೋರು. ನೋಡಿ."

ಆಯಿಲ್ ಕಡ್ಡಿ ಎಳೆದೆ. ಆಯಿಲ್ಲು ಹಾಲು ಬೆರೆತ ಚಹಾದ ಬಣ್ಣ. ನೀರು ಒಳಗೆ ಸೇರಿದೆ. ಇಂಜಿನ್ನಿನ ತಲೆಗೂ ಮೈಗೂ ನಡುವಿನ ಗ್ಯಾಸ್ಕೆಟ್ ಹೋಗಿದೆ. ಇಂಜಿನ್ ಬಿಚ್ಚಬೇಕು.

"ಇದೆ" ಎಂದೆ. "ದೊಡ್ಡದೇ ಇದೆ. ನಾಲ್ಕು ದಿನ ಬೇಕು. ಇನ್ನು ಒಂದು ಮೈಲಿ ಕೂಡ ಓಡಿಸಬೇಡಿ."

"ಮಾಡ್ತೀರಾ?"

ಇದುವರೆಗೆ ಒಬ್ಬಳೇ ಇಂಜಿನ್ ಬಿಚ್ಚಿದವಳಲ್ಲ. ಅದನ್ನೂ ಹೇಳಿದೆ. ಅತ್ತೆ ನೋಡ್ತಿರ್ತಾರೆ ಎಂದೆ.

"ನಾನೂ ನೋಡ್ತೀನಿ" ಎಂದರು ನರ್ಸಮ್ಮ. "ಬಿಗಿ ಮಾಡೋ ದಿನ ಬರ್ತೀನಿ. ಹೆರಿಗೆ ಆದ್ಮೇಲೆ ನಾವು ಹತ್ತಿ ಉಂಡೆ ಎಣಿಸ್ತೀವಿ, ಎಷ್ಟು ಹೋಯ್ತು ಎಷ್ಟು ಬಂತು ಅಂತ. ಇಬ್ಬರು ಎಣಿಸ್ಬೇಕು. ಒಬ್ಬರ ಲೆಕ್ಕ ಲೆಕ್ಕವಲ್ಲ."

ಏಪ್ರಿಲ್ ೯, ಬುಧವಾರ

ತಲೆ ಬಿಚ್ಚಿದ್ದಾಯಿತು. ಒಂದೊಂದು ಬೋಲ್ಟನ್ನೂ ರಟ್ಟಿನ ಮೇಲೆ ಇಂಜಿನ್ನಿನ ಚಿತ್ರ ಬರೆದು ಅದರದ್ದರ ಜಾಗದಲ್ಲೇ ಚುಚ್ಚಿಟ್ಟಿದ್ದೇನೆ. ಹಳೆ ಗ್ಯಾಸ್ಕೆಟ್ಟಿನಲ್ಲಿ ಎರಡು ಸಿಲಿಂಡರಿನ ನಡುವೆ ಉಗುರಗಲ ಸುಟ್ಟಿದೆ. ಇಷ್ಟು ಸಣ್ಣದು ಇಷ್ಟು ದೊಡ್ಡದನ್ನು ನಿಲ್ಲಿಸಿಬಿಟ್ಟಿತ್ತು. ತಲೆಯನ್ನು ಲೇತಿನವರಿಗೆ ಕಳಿಸಿ ಸಮ ಮಾಡಿಸಬೇಕು.

ಇಂಜಿನ್ನಿನ ಮೈಯ ಮೇಲ್ಮೈಯನ್ನು ಇಡೀ ಮಧ್ಯಾಹ್ನ ಕೆರೆದು ಒರೆಸಿದೆ. ಅತ್ತೆ ಎಡಗೈಯ ಬೆರಳು ಆಡಿಸಿ ನೋಡಿ, "ಇಲ್ಲಿ" ಎಂದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿಟ್ಟರೆ ಇತ್ತು, ಅಂಟಿಕೊಂಡ ಹಳೆ ಗ್ಯಾಸ್ಕೆಟ್ಟಿನ ಚೂರು, ಕೂದಲಿನ ದಪ್ಪ. ಮತ್ತೆ ಕೆರೆದೆ. ಇನ್ನೊಂದನ್ನು ಅವರಿಗಿಂತ ಮುಂಚೆ ನಾನೇ ಕಂಡೆ.

ಏಪ್ರಿಲ್ ೧೧, ಶುಕ್ರವಾರ

ನರ್ಸಮ್ಮ ಹೇಳಿದ ಹೊತ್ತಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಫೋನು ಡಬ್ಬಿಯಲ್ಲಿ. ಇಂಜಿನ್ನಿನ ತಲೆಯನ್ನು ಒಂದೇ ಏಟಿಗೆ ಬಿಗಿ ಮಾಡಿದರೆ ಸೊಟ್ಟಗಾಗುತ್ತದೆ. ನಡುವಿನಿಂದ ಶುರುಮಾಡಿ ಹೊರಗೆ ಬರಬೇಕು, ಸುತ್ತುತ್ತಾ. ಹತ್ತು ಬೋಲ್ಟು, ಮೂರು ಸುತ್ತು, ಪ್ರತಿ ಸುತ್ತಿಗೂ ಬಿಗಿ ಹೆಚ್ಚುತ್ತಾ ಹೋಗುತ್ತದೆ.

"ಒಂದು" ಎಂದೆ. ಟಕ್.

"ಒಂದು" ಎಂದರು ನರ್ಸಮ್ಮ.

ಎರಡನೆಯ ಸುತ್ತಿನ ಆರನೆಯದಕ್ಕೆ ಹೊರಗೆ ಯಾರೋ ಹಾರ್ನ್ ಹೊಡೆದರು. ತಲೆಯೆತ್ತಲಿಲ್ಲ. ಮೂರನೆಯ ಸುತ್ತಿಗೆ ತೋಳು ಉರಿಯುತ್ತಿತ್ತು. ಟಕ್ ಅಂದ ಮೇಲೆ ಗೆರೆ, ಗೆರೆ ಆದ ಮೇಲೆ ಮುಂದಿನದು. ಮೂವತ್ತನೆಯ ಟಕ್ ಬಂದಾಗ ನರ್ಸಮ್ಮ, "ಮೂವತ್ತು. ನಂದೂ ಸರಿ" ಎಂದರು. ಅತ್ತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಅಂದುಕೊಂಡೆವು. "ಇಪ್ಪತ್ನಾಲ್ಕನೇದನ್ನ ಸ್ವಲ್ಪ ಆತುರವಾಗಿ ಎಳೆದೆ" ಎಂದರು ಕಣ್ಣು ಬಿಡದೆ. ಅದನ್ನು ಮತ್ತೆ ನೋಡಿದೆ. ಸರಿಯಿತ್ತು. "ಸರಿ ಇದೆ ಅತ್ತೆ" ಎಂದೆ. "ಹೂಂ" ಎಂದರು.

ಸಂಜೆ ಐದೂಕಾಲಿಗೆ ಇಂಜಿನ್ ಶುರುಮಾಡಿದೆ. ಮೊದಲ ಸಲಕ್ಕೇ ಹಿಡಿಯಿತು. ಕೆಮ್ಮಲಿಲ್ಲ, ನಡುಗಲಿಲ್ಲ. ಅದರ ಮೇಲೆ ಒಂದು ಲೋಟ ನೀರಿಟ್ಟಿದ್ದರೆ ತುಳುಕುತ್ತಿರಲಿಲ್ಲ. ಅರ್ಧ ಗಂಟೆ ಓಡಿಸಿ ಪಕ್ಕದಲ್ಲೇ ನಿಂತೆವು, ಮೂವರೂ. ಇಂಥ ಸದ್ದು ನನ್ನ ಕೈಯಿಂದ ಬಂತು. ನಾಚಿಕೆ ಬಿಟ್ಟು ಬರೆಯುತ್ತೇನೆ, ಚೆನ್ನಾಗಿ ಮಾಡಿದ್ದೇನೆ.

ಏಪ್ರಿಲ್ ೧೪, ಸೋಮವಾರ

ಪ್ಲಾಸ್ಟರ್ ತೆಗೆದರು. ಒಳಗಿನ ಕೈ ತೆಳ್ಳಗೆ, ಬೇರೆ ಯಾರದ್ದೋ ಎಂಬಂತೆ. ಡಾಕ್ಟರು ರಬ್ಬರ್ ಚೆಂಡು ಕೊಟ್ಟು ಹಿಚುಕಲು ಹೇಳಿದರು. ಚೆಂಡು ಜಾರಿ ಬಿತ್ತು. ಅರ್ಧದಷ್ಟು ಹಿಡಿತ ಬಂದರೆ ಪುಣ್ಯ ಎಂದರು.

ವ್ಯಾನಿನಲ್ಲಿ ಅತ್ತೆ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ನಮಗೆ ಬಿಡಿಭಾಗದ ಅಂಗಡಿಗೂ ಹೋಗಬೇಕಿತ್ತು. ಹೋದೆ. ನಾಳೆಗೆ ಎರಡು ಕಾರಿವೆ.

ಏಪ್ರಿಲ್ ೧೬, ಬುಧವಾರ

ನರ್ಸಮ್ಮ ಹೇಳಿ ಕಳಿಸಿದವರು ಇಬ್ಬರು, ಬ್ಯಾಂಕಿನವರು, ಟ್ಯಾಕ್ಸಿ, ಒಟ್ಟು ನಾಲ್ಕು ಕಾರು. ಎರಡನ್ನು ರಸ್ತೆಯಲ್ಲೇ ನಿಲ್ಲಿಸಬೇಕಾಯಿತು.

ಕೈ ಸಾಲದೆ ಇದ್ದಾಗ ಅತ್ತೆ ಎದ್ದು, "ಟ್ಯಾಕ್ಸಿ ಚಕ್ರ ನಾನು ಹಾಕ್ತೀನಿ" ಎಂದರು. ಎಡಗೈಗೆ ಬಲಗೈ ಆಸರೆ ಕೊಟ್ಟುಕೊಂಡು ಸಾದಾ ಸ್ಪ್ಯಾನರಿನಲ್ಲಿ ಐದು ನಟ್ಟೂ ಬಿಗಿ ಮಾಡಿದರು. ಬೆವರಿದ್ದರು. ಗೆರೆಯನ್ನೂ ಎಳೆದರು, ನೇರವಾಗಿ, ನನ್ನದಕ್ಕಿಂತ ಚೆನ್ನಾಗಿ. ನಾನು ರೆಂಚ್ ತಂದು ನೋಡಿದೆ. ಎರಡು ನಟ್ಟು ಟಕ್ ಅನ್ನುವ ಮೊದಲು ಕಾಲು ಸುತ್ತು ತಿರುಗಿದವು.

"ಅತ್ತೆ, ಗೆರೆ ಅಳಿಸಿ. ಇದನ್ನ ಮತ್ತೆ ಮಾಡ್ಬೇಕು."

"ಯಾರಿಗೆ ಹೇಳ್ತಿದೀಯ?"

"ಗೆರೆ ಎಳೆದೋರಿಗೆ."

ಅತ್ತೆ ಸ್ಪ್ಯಾನರನ್ನು ಕೆಳಗಿಟ್ಟರು. ಆಮೇಲೆ ಬಟ್ಟೆ ತೆಗೆದುಕೊಂಡು ಅಳಿಸಿದರು. ರೆಂಚಿನ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿಕೊಟ್ಟೆ, ಬಲ ಕಡಿಮೆ ಸಾಕಾಗುತ್ತದೆ. ಮೊಣಕೈಯಿಂದ ಒತ್ತಿದರು. ಐದಕ್ಕೂ ಟಕ್ ಬಂತು. ಪೈಪು ಸಿಕ್ಕಿಸಿದರೆ ರೆಂಚಿನ ಲೆಕ್ಕ ತಪ್ಪಬಹುದಾ ಎಂದು ಅನುಮಾನ ಬಂದು ಐದನ್ನೂ ಪೈಪಿಲ್ಲದೆ ನಾನೊಮ್ಮೆ ಸರಿನೋಡಿದೆ. ಸರಿಯಿದ್ದವು.

ಆ ಹೊತ್ತಿಗೇ ಟೈರ್ ಅಂಗಡಿಯವರು ಬಂದರು. ನಾನು ಬ್ಯಾಂಕಿನವರ ಕಾರಿನ ಕೆಳಗೆ ಹೋಗಿಯಾಗಿತ್ತು. ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಅಮ್ಮಾ, ಪ್ಲಾಸ್ಟರ್ ತೆಗೆಸಿದ್ರಂತೆ. ಏನು ತೀರ್ಮಾನ ಮಾಡಿದ್ರಿ?"

"ನನ್ನನ್ನೇನ್ರೀ ಕೇಳ್ತೀರಿ" ಎಂದರು ಅತ್ತೆ. "ನಾನಿಲ್ಲಿ ಕೆಲಸಕ್ಕಿರೋಳು. ಈಗ ತಾನೇ ಬೈಸ್ಕೊಂಡಿದೀನಿ. ಯಜಮಾನ್ತಿ ಅಲ್ಲಿ ಕೆಳಗಿದಾಳೆ, ಅವಳನ್ನ ಕೇಳಿ."

ಚಪ್ಪಲಿ ನನ್ನ ಕಡೆ ತಿರುಗಿತು. ಕೈಯಲ್ಲಿದ್ದ ಬೋಲ್ಟು ಮುಗಿಯುವವರೆಗೆ ಕಾಯಿಸಿದೆ. ಆಮೇಲೆ ಜಾರಿಕೊಂಡು ಹೊರಗೆ ಬಂದು, ಕೊಡುವ ಮಾತೇ ಇಲ್ಲ, ನಮಗೇ ಜಾಗ ಸಾಲುತ್ತಿಲ್ಲ, ನಿಮ್ಮ ಅಂಗಡಿಯ ಹಿಂದೆ ಖಾಲಿ ಬಿದ್ದಿದೆಯಲ್ಲ, ಅದನ್ನು ನಮಗೆ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದೆ. ಅತ್ತೆಗೆ ಯಾಕೋ ಕೆಮ್ಮು ಬಂತು.

ಯೋಚಿಸಿ ಹೇಳುತ್ತೇನೆ ಎಂದು ಹೋದರು. ಎರಡು ಕಾರು ನಿಲ್ಲಬಹುದು ಅಲ್ಲಿ, ಒತ್ತಿದರೆ ಮೂರು. ಬೆಳಿಗ್ಗೆ ಟೇಪು ತೆಗೆದುಕೊಂಡು ಹೋಗಿ ಅಳೆಯಬೇಕು.